ಗಣಕಚಿತ್ರಗಳಲ್ಲಿ ವೃಕ್ಷಲಕ್ಷಣವೂ ಪ್ರಕಾಶಲಕ್ಷಣವೂ

೧. ಉಪಕ್ರಮ

ಗಣಕಯಂತ್ರದ ಸಹಾಯದಿಂದ ಬೆಟ್ಟ, ಕಾಡು, ಹುಲ್ಲುಗಾವಲು, ಆಕಾಶ ಮೊದಲಾದವುಗಳ ಚಿತ್ರಗಳನ್ನು ರಚಿಸುವ ವಿದ್ಯೆಯು ಸುಮಾರು ಅರ್ಧ ಶತಮಾನದಿಂದೀಚೆಗೆ ಹುಟ್ಟಿ ಬೆಳೆದದ್ದು. ಚಲಚ್ಚಿತ್ರಗಳನ್ನು ನೋಡುವವರೆಲ್ಲರೂ ಅದರ ಫಲವನ್ನು ಕಂಡಿರುವರು. ತಾನು ನೋಡುತ್ತಿರುವುದು ನಿಜವಾದ ಕಾಡೋ ಯಂತ್ರದೊಳಗೆ ಹುಟ್ಟಿದ ಕಾಡೋ ಎಂಬ ಸಂದೇಹವು ಕೂಡ ಪ್ರೇಕ್ಷಕನಲ್ಲಿ ಈಗ ಅಪೂರ್ವವಾಗಿದೆ. ಇಂತಹ ವಿಷಯಕ್ಕೆ ಭಾಷಾಸಾಹಿತ್ಯಗಳ ಸಂಶೋಧನೆಗೆ ಮೀಸಲಾದ ಪತ್ರಿಕೆಯಲ್ಲಿ ಎಡೆಯೆಲ್ಲಿಯದು ಎಂದು ವಾಚಕಮಹಾಶಯರು ಕೇಳಬಹುದು. ಅದಕ್ಕೆ ಸಮಾಧಾನವಿಷ್ಟು: ಈ ವಿದ್ಯೆಯಲ್ಲಿ ವೃಕ್ಷವು ವೃಕ್ಷವಾಗಿ ತೋರಲು ತೊಡಗಿದುದು, ಸೂತ್ರ, ಸ್ಥಾನಿ, ಆದೇಶ ಎಂಬ ಶಬ್ದಗಳಿಂದ ನಾವು ವ್ಯವಹರಿಸುವ ವ್ಯಾಕರಣಮಾರ್ಗಕ್ಕೆ ಅತಿ ಸಮೀಪವಾದ ಒಂದು ಮಾರ್ಗದಿಂದ. ಆದಕಾರಣ ಇದರ ಚರಿತ್ರೆಯು ವ್ಯಾಕರಣವನ್ನು ಓದಿದವರಿಗೂ ಓದಿಸುವವರಿಗೂ ತೀರ ಪರಕೀಯವಾದುದಲ್ಲ.

ಇನ್ನೊಂದು ಕಾರಣವೂ ಉಂಟು. ಕೆಲವು ವರ್ಷಗಳ ಹಿಂದೆ ಒಂದು ಸಭೆಯಲ್ಲಿ, ಈ ವಿದ್ಯೆಯ ಬೀಜವೆಲ್ಲವೂ ಅಷ್ಟಾಧ್ಯಾಯಿಯಲ್ಲಿಯೇ ಇದೆಯೆಂದು ಈ ಲೇಖಕನು ಉತ್ಸಾಹದಿಂದ ಹೇಳಿದ್ದುಂಟು. ಸಭೆಯಲ್ಲಿದ್ದ ತರುಣನೊಬ್ಬನು, ಯಾವ ಸೂತ್ರದಲ್ಲಿ ಎಂದು ವಿನಯದಿಂದಲೇ ಕೇಳಿದನು. ಉತ್ತರವು ನನ್ನಲ್ಲಿರಲಿಲ್ಲ. ಆ ಪ್ರಶ್ನೆಯ ಋಣವನ್ನು ತೀರಿಸಿಕೊಳ್ಳುವುದಕ್ಕಾಗಿ ಅನಂತರ ಮಾಡಿದ ವ್ಯಾಸಂಗದ ಸಾರವನ್ನು ಇಲ್ಲಿ ನಿವೇದಿಸಿದೆ.

೨. ಪ್ರತಿಪದಪಾಠದ ತೊಡಕು

ಬೃಹಸ್ಪತಿಯು ಇಂದ್ರನಿಗೆ ಶಬ್ದಗಳನ್ನು ಒಂದೊಂದಾಗಿ ಹೇಳುತ್ತ ಹೋಗಿ, ದಿವ್ಯವರ್ಷಸಹಸ್ರವು ಕಳೆದರೂ ಕೊನೆಮುಟ್ಟಲಿಲ್ಲವೆಂಬ ಕಥೆಯು ಮಹಾಭಾಷ್ಯದ ಪಸ್ಪಶಾಹ್ನಿಕದಲ್ಲಿದೆ. ಪ್ರತಿಪದಪಾಠದಿಂದ ಶಬ್ದಗಳನ್ನು ತಿಳಿಯುವುದಾಗದು. ಸಾಮಾನ್ಯವಿಶೇಷಗಳುಳ್ಳ ಲಕ್ಷಣವು ಬೇಕು ಎಂಬುದೇ ಆ ಕಥೆಯ ತಾತ್ಪರ್ಯ. ಗಣಕಚಿತ್ರಕಾರರು ಮೊದಲು ಎದುರಿಸಿದ ತೊಡಕೂ ಇದೇ. ಒಂದು ದೊಡ್ಡ ಮರದಲ್ಲಿ ಎಲೆಗಳು ಲಕ್ಷಗಟ್ಟಲೆ ಇರಬಹುದು. ಪ್ರತಿಯೊಂದು ಎಲೆಯ ಸ್ಥಾನ, ಬಾಗು, ಬಣ್ಣಗಳನ್ನು ಚಿತ್ರಕಾರನು ಯಂತ್ರಕ್ಕೆ ಕೈಯಾರೆ ಹೇಳಬೇಕಾದರೆ ಒಂದು ಮರಕ್ಕೆ ಒಂದು ಆಯುಷ್ಯವು ಬೇಕು. ಕಾಡಿನ ಮಾತು ದೂರವೇ ಉಳಿಯಿತು.

ಬೆಟ್ಟಗಳ ವಿಷಯದಲ್ಲಿ ಈ ತೊಡಕು ಮೊದಲು ನೀಗಿತು. ಬೆನ್ವಾ ಮ್ಯಾಂಡೆಲ್‌ಬ್ರಾಟ್ ಎಂಬ ಗಣಿತಜ್ಞನು ೧೯೭೫ರಲ್ಲಿ ಫ್ರೆಂಚ್ ಭಾಷೆಯಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಅಂಶವು ಅಂಶಿಯನ್ನು ಹೋಲುವಂತಹ ಆಕೃತಿಗಳಿಗೆ ಫ್ರ್ಯಾಕ್ಟಲ್ ಎಂಬ ಹೆಸರನ್ನಿಟ್ಟು ಅವುಗಳ ಗಣಿತವನ್ನು ವಿಸ್ತರಿಸಿದನು. ಅಮೆರಿಕೆಯ ಬೋಯಿಂಗ್ ವಿಮಾನಸಂಸ್ಥೆಯಲ್ಲಿದ್ದ ಲೋರೆನ್ ಕಾರ್ಪೆಂಟರ್ ಎಂಬವನು ಇದನ್ನನುಸರಿಸಿ, ಒಂದು ತ್ರಿಕೋಣವನ್ನು ಸಣ್ಣ ತ್ರಿಕೋಣಗಳಾಗಿ ಒಡೆದು, ಒಡೆದ ಬಿಂದುಗಳನ್ನು ಯದೃಚ್ಛೆಯಿಂದ ಮೇಲಕ್ಕೋ ಕೆಳಕ್ಕೋ ಸರಿಸಿ, ಅವನ್ನು ಮತ್ತೆ ಒಡೆಯುತ್ತ ಹೋಗುವ ಕ್ರಮದಿಂದ ಪರ್ವತಗಳನ್ನು ನಿರ್ಮಿಸಿದನು. ೧೯೮೦ರಲ್ಲಿ ಸಿಯಾಟಲ್ ನಗರದ ಸಮ್ಮೇಳನದಲ್ಲಿ ಅವನು ತೋರಿಸಿದ ವೋಲ್ ಲೀಬ್ರ್ ಎಂಬ ಕಿರುಚಿತ್ರದಲ್ಲಿ ನೋಡುವವನು ಇಂತಹ ಪರ್ವತಗಳ ಮೇಲೆ ಹಾರಿಹೋಗುವಂತೆ ಭಾಸವಾಗುತ್ತಿತ್ತು. ಆದರೆ ಅವು ಬೋಳುಬೆಟ್ಟಗಳು. ಒಂದು ಗಿಡವೂ ಅಲ್ಲಿರಲಿಲ್ಲ. ಅದಕ್ಕೆ ಹೇತುವುಂಟು. ಬೆಟ್ಟದ ತುಣುಕು ಬೆಟ್ಟದಂತೆಯೇ ಇರುವುದು. ಮರದ ತುಣುಕಾದರೋ ಕಾಂಡವಾಗಿರಬಹುದು, ಚಿಗುರಾಗಿರಬಹುದು, ಹೂವಾಗಿರಬಹುದು. ಅದರಲ್ಲಿ ಮೊದಲು ಹುಟ್ಟಿದುದು, ಆಮೇಲೆ ಹುಟ್ಟಿದುದು ಎಂಬ ಕ್ರಮವಿದೆ. ಮರವು ಬರಿಯ ಆಕಾರವಲ್ಲ, ಒಂದು ವಯಸ್ಸು. ಆ ವಯಸ್ಸನ್ನು ಹೇಳುವ ಲಕ್ಷಣವು ಬೇಕಾಗಿತ್ತು.

೩. ಲಿಂಡೆನ್‌ಮಾಯರನ ಆದೇಶವಿಧಿ

ಆ ಲಕ್ಷಣವು ಅದಕ್ಕಿಂತ ಹನ್ನೆರಡು ವರ್ಷ ಮುಂಚೆಯೇ, ಚಿತ್ರದ ಯೋಚನೆಯೇ ಇಲ್ಲದ ಒಬ್ಬ ಜೀವಶಾಸ್ತ್ರಜ್ಞನಿಂದ ರಚಿತವಾಗಿತ್ತು. ಅರಿಸ್ಟಿಡ್ ಲಿಂಡೆನ್‌ಮಾಯರನು ೧೯೨೫ರಲ್ಲಿ ಹಂಗೆರಿಯ ಬುಡಾಪೆಸ್ಟ್ ನಗರದಲ್ಲಿ ಹುಟ್ಟಿದವನು. ಬಳಿಕ ನೆದರ್ಲೆಂಡ್ಸ್ ದೇಶದ ಉಟ್ರೆಕ್ಟ್ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕನಾದನು. ೧೯೬೮ರಲ್ಲಿ ಅವನು ಪ್ರಕಟಿಸಿದ ಲೇಖನಗಳಲ್ಲಿ, ಎಳೆಯಂತೆ ಉದ್ದುದ್ದವಾಗಿ ಬೆಳೆಯುವ ಪಾಚಿ ಮೊದಲಾದ ಸರಳಜೀವಿಗಳಲ್ಲಿ ಜೀವಕೋಶಗಳು ಹೇಗೆ ವಿಭಾಗಗೊಳ್ಳುವುವೆಂಬುದನ್ನು ಅಕ್ಷರಗಳ ಆದೇಶರೂಪದಲ್ಲಿ ನಿರೂಪಿಸಿದನು.

ಅವನ ಕ್ರಮವನ್ನು ನಮ್ಮ ಅಕ್ಷರಗಳಿಂದ ಹೀಗೆ ತೋರಿಸಬಹುದು. ಬಲಿತ ಕೋಶಕ್ಕೆ 'ಅ' ಎಂದೂ ಎಳೆಯ ಕೋಶಕ್ಕೆ 'ಬ' ಎಂದೂ ಸಂಜ್ಞೆಯಿರಲಿ. ವಿಧಿಗಳು ಎರಡೇ: 'ಅ' ಎಂಬುದರ ಸ್ಥಾನದಲ್ಲಿ 'ಅಬ' ಎಂಬುದು ಆದೇಶ, 'ಬ' ಎಂಬುದರ ಸ್ಥಾನದಲ್ಲಿ 'ಅ' ಎಂಬುದು ಆದೇಶ. ಅಂದರೆ ಬಲಿತದ್ದು ಒಂದು ಮರಿಯನ್ನು ಹಾಕುವುದು, ಎಳೆಯದು ಬಲಿಯುವುದು. 'ಅ' ಎಂಬ ಒಂದೇ ಕೋಶದಿಂದ ಹೊರಟರೆ ಮುಂದಿನ ಅವಸ್ಥೆಗಳು ಕ್ರಮವಾಗಿ ಅಬ, ಅಬಅ, ಅಬಅಅಬ, ಅಬಅಅಬಅಬಅ ಎಂದಾಗುವುವು. ಈ ಅವಸ್ಥೆಗಳಲ್ಲಿರುವ ಅಕ್ಷರಗಳನ್ನು ಎಣಿಸಿದರೆ ೧, ೨, ೩, ೫, ೮ ಎಂದು ಬರುವುದು. ಛಂದಶ್ಶಾಸ್ತ್ರವನ್ನು ಬಲ್ಲವರಿಗೆ ಈ ಸಂಖ್ಯೆಗಳು ಹಳೆಯ ಪರಿಚಿತರು. ಒಂದು ಮಾತ್ರೆಗೆ ಒಂದು ಬಗೆ, ಎರಡು ಮಾತ್ರೆಗೆ ಎರಡು, ಮೂರಕ್ಕೆ ಮೂರು, ನಾಲ್ಕಕ್ಕೆ ಐದು, ಐದಕ್ಕೆ ಎಂಟು ಎಂದು ಲಘುಗುರುಗಳ ವಿನ್ಯಾಸಗಳನ್ನು ವಿರಹಾಂಕ, ಗೋಪಾಲ, ಹೇಮಚಂದ್ರ ಮೊದಲಾದವರು ಮಾತ್ರಾವೃತ್ತಪ್ರಸ್ತಾರದಲ್ಲಿ ಎಣಿಸಿರುವರು. ಹಿಂದಿನ ಎರಡನ್ನು ಕೂಡಿದರೆ ಮುಂದಿನದು ದೊರೆಯುವುದೆಂಬುದೇ ಎರಡೆಡೆಯಲ್ಲಿಯೂ ಇರುವ ನಿಯಮ.

ಲಿಂಡೆನ್‌ಮಾಯರನು ಅಷ್ಟಕ್ಕೇ ನಿಲ್ಲಲಿಲ್ಲ. ನೆರೆಯ ಕೋಶವು ಯಾವುದೆಂಬುದನ್ನನುಸರಿಸಿ ಆದೇಶವು ಬೇರೆಯಾಗಬಹುದೆಂದೂ ವಿಧಿಸಿದನು. ಅಚ್ಚು ಪರವಾದಾಗ ಇಕ್ಕಿಗೆ ಯಣ್ಣು ಬರುವುದೆಂಬ ಪಾಣಿನೀಯವಿಧಿಯಲ್ಲಿಯೂ, 'ಬೆಟ್ಟ' ಎಂಬುದರ ಮುಂದೆ 'ತಾವರೆ' ಎಂಬುದು ಬಂದಾಗ ತಕಾರಕ್ಕೆ ದಕಾರವು ಆದೇಶವಾಗಿ 'ಬೆಟ್ಟದಾವರೆ' ಎಂದಾಗುವ ಕನ್ನಡದ ಸಂಧಿಯಲ್ಲಿಯೂ ನಾವು ಕಾಣುವುದು ಇಂತಹ ನಿಮಿತ್ತವನ್ನೇ. ಬೆಟ್ಟದಾವರೆಯ ಶಬ್ದವನ್ನು ಸಾಧಿಸುವುದಕ್ಕೆ ಉಪಯೋಗಿಸಿದ ಉಪಾಯದಿಂದಲೇ ಬೆಟ್ಟದಾವರೆಯ ಗಿಡವನ್ನೂ ಸಾಧಿಸಬಹುದೆಂಬುದು ವಿಸ್ಮಯಕರವೇ ಸರಿ.

೪. ಸಾಮ್ಯವೂ ವೈಷಮ್ಯವೂ

ಇಲ್ಲಿಯೇ ನಾವು ಎಚ್ಚರಗೊಳ್ಳಬೇಕಾದುದು. ಈ ಸಾಮ್ಯವನ್ನು ಕಂಡವರು ನಾವೇ ಮೊದಲಲ್ಲ. ಗಣಕಭಾಷೆಗಳ ವ್ಯಾಕರಣವನ್ನು ಬರೆಯುವುದಕ್ಕೆ ಜಾನ್ ಬ್ಯಾಕಸ್ ಎಂಬವನು ೧೯೫೯ರಲ್ಲಿ ರೂಪಿಸಿದ ಸಂಕೇತಕ್ರಮವನ್ನು 'ಪಾಣಿನಿ-ಬ್ಯಾಕಸ್ ರೂಪ'ವೆಂದು ಕರೆಯಬೇಕೆಂದು ಪಿ. ಝಡ್. ಇಂಗರ್‌ಮನ್ ಎಂಬ ವಿದ್ವಾಂಸನು ೧೯೬೭ರಲ್ಲಿಯೇ ಸೂಚಿಸಿದ್ದನು. ಸೂತ್ರಕಾರನ ಪದ್ಧತಿಗೆ ಸಂದ ಈ ಗೌರವವು ನ್ಯಾಯವಾದುದೇ. ಆದರೆ ಲಿಂಡೆನ್‌ಮಾಯರನ ಪದ್ಧತಿಯ ಪ್ರಾಣವು ಯಾವುದರಲ್ಲಿದೆಯೋ ಅದರಲ್ಲಿ ಅದು ಪಾಣಿನೀಯದಿಂದ ಬೇರೆಯಾಗಿದೆ.

ಪಾಣಿನೀಯಪ್ರಕ್ರಿಯೆಯಲ್ಲಿ ಕಾರ್ಯಗಳು ಒಂದಾದ ಮೇಲೊಂದಾಗಿ ನಡೆಯುವುವು. ಎರಡು ಸೂತ್ರಗಳಿಗೆ ಏಕಕಾಲದಲ್ಲಿ ಪ್ರಾಪ್ತಿಯುಂಟಾದರೆ ಅವುಗಳಲ್ಲಿ ಯಾವುದು ಬಲವತ್ತರವೆಂಬುದನ್ನು ನಿರ್ಣಯಿಸಬೇಕು. ವಿಪ್ರತಿಷೇಧ, ಅಪವಾದ, ಅಸಿದ್ಧತ್ವ ಮೊದಲಾದ ವಿಚಾರಗಳೆಲ್ಲ ಹುಟ್ಟುವುದು ಇಲ್ಲಿಯೇ. ಲಿಂಡೆನ್‌ಮಾಯರನ ಪದ್ಧತಿಯಲ್ಲಾದರೋ ಸಾಲಿನಲ್ಲಿರುವ ಎಲ್ಲ ಅಕ್ಷರಗಳಿಗೂ ಯುಗಪತ್ತಾಗಿ, ಒಂದೇ ಕ್ಷಣದಲ್ಲಿ, ಆದೇಶವಾಗತಕ್ಕದ್ದು. ಏಕೆಂದರೆ ಗಿಡದ ಒಂದು ಕೊಂಬೆಯು ಚಿಗುರುವಾಗ ಮತ್ತೊಂದು ತನ್ನ ಸರದಿಗಾಗಿ ಕಾದು ನಿಲ್ಲುವುದಿಲ್ಲ. ಎಲ್ಲ ಕೋಶಗಳೂ ಒಟ್ಟಿಗೆ ಬಾಳುವುವು. ನೋಮ್ ಚಾಮ್‌ಸ್ಕಿಯು ೧೯೫೦ರ ದಶಕದಲ್ಲಿ ನಿರೂಪಿಸಿದ ವ್ಯಾಕರಣಗಳಿಂದಲೂ ಈ ಪದ್ಧತಿಯು ಬೇರೆಯಾಗುವುದು ಇದೇ ಕಾರಣದಿಂದ. ಶಬ್ದವು ಸಿದ್ಧವಾದ ಮೇಲೆ ನಿಲ್ಲುವುದು. ಗಿಡವು ನಿಲ್ಲದೆ ಮುಂದುವರಿಯುವುದು. ಶಬ್ದಸಾಧನದಲ್ಲಿ ನಡುವಣ ಅವಸ್ಥೆಗಳು ಶಾಸ್ತ್ರಕಾರ್ಯಾರ್ಥವಾದವು, ಪ್ರಯೋಗಾರ್ಹವಲ್ಲ. ಗಿಡದಲ್ಲಿ ಪ್ರತಿಯೊಂದು ಅವಸ್ಥೆಯೂ ಒಂದು ಬಾಳಿದ ದಿನ.

ಹೀಗಿರಲು, ಅಂದು ಸಭೆಯಲ್ಲಿ ನಾನು ಹೇಳಿದ ಮಾತು ತಪ್ಪೆಂದು ಒಪ್ಪಲೇಬೇಕು. ಬೀಜವು ಅಲ್ಲಿರಲಿಲ್ಲ. ಇದ್ದುದು, ಅನಂತವಾದ ಲಕ್ಷ್ಯವನ್ನು ಅಲ್ಪವಾದ ಲಕ್ಷಣದಿಂದ ಹಿಡಿಯಬಹುದೆಂಬ ದೃಷ್ಟಿ. ಅದು ಸಣ್ಣ ಸಂಪತ್ತಲ್ಲ. ಆದರೆ ಅದನ್ನು ಇರುವುದಕ್ಕಿಂತ ಹೆಚ್ಚೆಂದು ಹೇಳಿದರೆ ಇರುವುದರ ಬೆಲೆಯೂ ಕೆಡುವುದು.

೫. ಸೂತ್ರದಿಂದ ಚಿತ್ರಕ್ಕೆ

ಅಕ್ಷರಗಳ ಸಾಲು ಹೇಗೆ ಚಿತ್ರವಾಗುವುದು? ಪ್ರುಸಿನ್‌ಕೀವಿಚ್ ಎಂಬ ಪೋಲೆಂಡ್ ಮೂಲದ ವಿದ್ವಾಂಸನು ಕೆನಡಾ ದೇಶದಲ್ಲಿದ್ದು, ೧೯೮೬ರಲ್ಲಿ ಇದಕ್ಕೊಂದು ಸುಲಭವಾದ ಉಪಾಯವನ್ನು ತೋರಿಸಿದನು. ಕಾಗದದ ಮೇಲೆ ನಡೆಯುತ್ತ ಗೆರೆಯನ್ನೆಳೆಯುವ ಒಂದು ಆಮೆಯನ್ನು ಕಲ್ಪಿಸಿಕೊಳ್ಳಬೇಕು. ಒಂದು ಅಕ್ಷರಕ್ಕೆ ಮುಂದೆ ನಡೆಯೆಂದೂ, ಮತ್ತೊಂದಕ್ಕೆ ಎಡಕ್ಕೆ ತಿರುಗೆಂದೂ, ಮಗುದೊಂದಕ್ಕೆ ಬಲಕ್ಕೆ ತಿರುಗೆಂದೂ ಅರ್ಥ. ಆವರಣಚಿಹ್ನೆಯು ತೆರೆದರೆ, ಈಗಿರುವ ಸ್ಥಾನವನ್ನು ನೆನಪಿನಲ್ಲಿಡು. ಮುಚ್ಚಿದರೆ, ನೆನಪಿಟ್ಟ ಸ್ಥಾನಕ್ಕೆ ಹಿಂತಿರುಗು. ಕೊಂಬೆಯೊಡೆಯುವುದೆಂದರೆ ಇಷ್ಟೇ. ಲಿಂಡೆನ್‌ಮಾಯರನೂ ಪ್ರುಸಿನ್‌ಕೀವಿಚನೂ ಕೂಡಿ ಬರೆದ 'ದಿ ಆಲ್ಗರಿದ್ಮಿಕ್ ಬ್ಯೂಟಿ ಆಫ್ ಪ್ಲಾಂಟ್ಸ್' ಎಂಬ ಗ್ರಂಥವು ೧೯೯೦ರಲ್ಲಿ ಪ್ರಕಟವಾಯಿತು. ಲಿಂಡೆನ್‌ಮಾಯರನು ಅದಕ್ಕೆ ಮುಂಚೆ, ೧೯೮೯ರಲ್ಲಿಯೇ, ತೀರಿಕೊಂಡಿದ್ದನು.

ಇದಕ್ಕೂ ಮೊದಲು, ೧೯೮೪ರಲ್ಲಿ, ಆಲ್ವಿ ರೇ ಸ್ಮಿತ್ ಎಂಬವನು ಈ ಆದೇಶವಿಧಿಗಳಿಂದ ಗಿಡಗಳ ಚಿತ್ರಗಳನ್ನು ರಚಿಸಿ, ಅಲ್ಪವಾದ ವಿಧಿಯಿಂದ ಅಪಾರವಾದ ವಿವರವು ಹುಟ್ಟುವ ಗುಣವನ್ನು ವಿಶೇಷವಾಗಿ ಎತ್ತಿ ಹೇಳಿದನು. ಅರ್ಧಮಾತ್ರೆಯ ಲಾಘವಕ್ಕೂ ಹಿಗ್ಗುವ ವೈಯಾಕರಣರಿಗೆ ಈ ಸಂತೋಷವು ತಿಳಿಯದುದಲ್ಲ. ಅದೇ ಕಾಲದಲ್ಲಿ ಫ್ರಾನ್ಸಿನ ಫಿಲಿಪ್ ದ ರೆಫಿ ಎಂಬವನು ಬೇರೊಂದು ದಾರಿಯಲ್ಲಿ ನಡೆದನು. ಅವನು ಆಫ್ರಿಕದ ಐವರಿಕೋಸ್ಟ್ ದೇಶದಲ್ಲಿ ಕಾಫಿಗಿಡಗಳ ಬೆಳವಣಿಗೆಯನ್ನು ಅಳೆದವನು. ಪ್ರತಿಯೊಂದು ಮೊಗ್ಗಿಗೂ ಬೆಳೆಯುವುದು, ಸುಮ್ಮನಿರುವುದು, ಸಾಯುವುದು ಎಂಬ ಮೂರು ಗತಿಗಳುಂಟು. ಇವುಗಳ ಸಂಭಾವ್ಯತೆಯನ್ನು ತೋಟದಲ್ಲಿ ಎಣಿಸಿ ತಿಳಿದರೆ ಯಂತ್ರದಲ್ಲಿ ಗಿಡವನ್ನು ಬೆಳೆಸಬಹುದೆಂಬುದು ಅವನ ಮತ. ಹಾಲೆ, ಓಲ್ಡೆಮನ್, ಟಾಮ್ಲಿನ್‌ಸನ್ ಎಂಬ ಸಸ್ಯಶಾಸ್ತ್ರಜ್ಞರು ೧೯೭೮ರ ತಮ್ಮ ಗ್ರಂಥದಲ್ಲಿ ಉಷ್ಣದೇಶಗಳ ಮರಗಳನ್ನು ಅವುಗಳ ಬೆಳವಣಿಗೆಯ ಮಾದರಿಯಿಂದ ೨೩ ವರ್ಗಗಳಾಗಿ ವಿಂಗಡಿಸಿದ್ದರು. ಕವಲೊಡೆಯದೆ ಒಂದೇ ಕಾಂಡವಾಗಿ ಏರುವ ತೆಂಗು ಒಂದು ವರ್ಗ. ನೆಟ್ಟನೆಯ ಕಾಂಡದಿಂದ ಅಡ್ಡಡ್ಡಲಾಗಿ ಕೊಂಬೆ ಚಾಚುವ ಕಾಫಿ ಮತ್ತೊಂದು. ರೆಫಿಯೂ ಅವನ ಸಂಗಡಿಗರೂ ೧೯೮೮ರಲ್ಲಿ ಪ್ರಕಟಿಸಿದ ಲೇಖನವು ಈ ವರ್ಗೀಕರಣವನ್ನೇ ಆಧಾರವಾಗಿಟ್ಟುಕೊಂಡಿತು. ಹೀಗೆ ಒಬ್ಬನು ವಿಧಿಯಿಂದ ಗಿಡದ ಕಡೆಗೂ ಮತ್ತೊಬ್ಬನು ಗಿಡದಿಂದ ವಿಧಿಯ ಕಡೆಗೂ ನಡೆದುದಾಯಿತು. ಲಕ್ಷ್ಯಲಕ್ಷಣಗಳೆರಡೂ ಕೂಡಿದಾಗಲೇ ಶಾಸ್ತ್ರವೆಂಬ ಮಾತು ಇಲ್ಲಿಗೂ ಸಲ್ಲುವುದು.

೬. ಬೆಳಕಿನ ವಿಚಾರ

ವಿಷ್ಣುಧರ್ಮೋತ್ತರದ ಮೂರನೆಯ ಖಂಡದಲ್ಲಿರುವ ಚಿತ್ರಸೂತ್ರವು ರೇಖೆಯನ್ನೂ ವರ್ತನೆಯನ್ನೂ ಬೇರೆ ಬೇರೆಯಾಗಿ ಎಣಿಸುವುದಷ್ಟೆ. ಆಕಾರವನ್ನು ಹಿಡಿಯುವುದು ರೇಖೆ. ನೆರಳುಬೆಳಕುಗಳಿಂದ ಉಬ್ಬುತಗ್ಗುಗಳನ್ನು ತೋರಿಸುವುದು ವರ್ತನೆ. ಗಣಕಚಿತ್ರದಲ್ಲಿಯೂ ಇವೆರಡು ಬೇರೆ ಬೇರೆಯಾದ ಚರಿತ್ರೆಗಳಾಗಿಯೇ ಮೊದಲಾದುವು. ವೃಕ್ಷದ ರೇಖೆಯು ಸಿದ್ಧವಾಗುತ್ತಿದ್ದಾಗ ಬೆಳಕಿನ ವಿದ್ಯೆಯು ಗೋಳ, ಗೋಡೆ, ಗಾಜುಗಳ ನಡುವೆ ತಿರುಗುತ್ತಿತ್ತು. ಕಣ್ಣಿನಿಂದ ಹೊರಟ ಕಿರಣವನ್ನು ಹಿಮ್ಮುಖವಾಗಿ ಅನುಸರಿಸಿ ಪ್ರತಿಬಿಂಬವನ್ನೂ ನೆರಳನ್ನೂ ಲೆಕ್ಕಹಾಕುವ ಕ್ರಮವನ್ನು ಟರ್ನರ್ ವಿಟೆಡ್ ೧೯೮೦ರಲ್ಲಿ ಪ್ರಕಟಿಸಿದನು. ಅದರಿಂದ ಹೊಳೆಯುವ ಗೋಳಗಳು ಸೊಗಸಾಗಿ ತೋರಿದುವು. ಒಂದು ಗೋಡೆಯ ಬಣ್ಣವು ಪಕ್ಕದ ಗೋಡೆಯ ಮೇಲೆ ಚೆಲ್ಲುವುದನ್ನು ಲೆಕ್ಕಹಾಕುವ ವಿಧಾನವು ೧೯೮೪ರಲ್ಲಿ ಕಾರ್ನೆಲ್ ವಿಶ್ವವಿದ್ಯಾನಿಲಯದಿಂದ ಬಂದಿತು. ಆದರೆ ಕಾಡು ಒಂದು ಕೋಣೆಯಲ್ಲ. ಎಲೆಯ ಮೇಲೆ ಬಿದ್ದ ಬೆಳಕಿನಲ್ಲಿ ಒಂದು ಭಾಗವು ಹೊರಳಿ ಬರುವುದು, ಒಂದು ಭಾಗವು ಒಳಗೆ ಇಂಗುವುದು, ಇನ್ನೊಂದು ಭಾಗವು ಎಲೆಯನ್ನು ತೂರಿ ಹಸುರಾಗಿ ಕೆಳಗಿನ ಎಲೆಯ ಮೇಲೆ ಬೀಳುವುದು. ಬಿಸಿಲಿಗೆ ಹಿಡಿದ ವೀಳ್ಯದೆಲೆಯ ಹಿಂಬದಿಯನ್ನು ನೋಡಿದವರಿಗೆ ಇದು ಪ್ರತ್ಯಕ್ಷ. ಇಂತಹ ಎಲೆಗಳು ಲಕ್ಷವಿದ್ದರೆ ಲೆಕ್ಕಕ್ಕೆ ಕೊನೆಯೆಲ್ಲಿ?

೧೯೮೪ರಲ್ಲಿ ಲ್ಯೂಕಸ್‌ಫಿಲ್ಮ್ ಸಂಸ್ಥೆಯ ಗಣಕವಿಭಾಗದವರು ರಚಿಸಿದ 'ದಿ ಅಡ್ವೆಂಚರ್ಸ್ ಆಫ್ ಆಂದ್ರೆ ಅಂಡ್ ವಾಲಿ ಬಿ.' ಎಂಬ ಸುಮಾರು ೨ ನಿಮಿಷಗಳ ಚಿತ್ರದಲ್ಲಿ ಒಂದು ಕಾಡನ್ನು ತೋರಿಸಬೇಕಾಯಿತು. ಆ ಕಾಡಿನ ಮರಗಳನ್ನು ಅಸಂಖ್ಯ ಕಣಗಳಿಂದ ನಿರ್ಮಿಸಿದವನು ವಿಲಿಯಂ ರೀವ್ಸ್. ಅವನೂ ರಿಕಿ ಬ್ಲಾವ್ ಎಂಬಾಕೆಯೂ ೧೯೮೫ರಲ್ಲಿ ಬರೆದ ಲೇಖನದಲ್ಲಿ, ಪ್ರತಿಯೊಂದು ಎಲೆಯ ನೆರಳನ್ನು ಯಥಾವತ್ತಾಗಿ ಎಣಿಸುವುದು ಅಶಕ್ಯವೆಂದು ಒಪ್ಪಿಕೊಂಡು, ಬೆಳಕಿನ ದಿಕ್ಕಿನಿಂದ ಮರದೊಳಗೆ ಎಷ್ಟು ಆಳದಲ್ಲಿದೆಯೆಂಬುದನ್ನನುಸರಿಸಿ ಆ ಎಲೆಯು ನೆರಳಿನಲ್ಲಿರುವ ಸಂಭವವನ್ನು ಮಾತ್ರ ಲೆಕ್ಕಹಾಕಿದರು. ಇಲ್ಲಿ ಒಂದು ಸ್ವಾರಸ್ಯವಿದೆ. ಮಸಾಮಿ ಮೊನ್ಸಿ ಮತ್ತು ತೊಶಿರೊ ಸಾಯೆಕಿ ಎಂಬ ಜಪಾನಿನ ಸಸ್ಯಶಾಸ್ತ್ರಜ್ಞರು, ಮೇಲಿರುವ ಎಲೆಗಳ ಒಟ್ಟು ವಿಸ್ತೀರ್ಣವು ಹೆಚ್ಚಿದಂತೆ ಕೆಳಗಣ ಬೆಳಕು ಒಂದು ನಿಯತಪ್ರಮಾಣದಲ್ಲಿ ಕುಗ್ಗುತ್ತ ಹೋಗುವುದೆಂದು ೧೯೫೩ರಲ್ಲಿಯೇ ತೋರಿಸಿದ್ದರು. ಅವರ ಪ್ರಶ್ನೆಯು ಗಿಡವು ಎಷ್ಟು ಆಹಾರವನ್ನು ತಯಾರಿಸುವುದೆಂಬುದು. ಇವರ ಪ್ರಶ್ನೆಯು ಗಿಡವು ಹೇಗೆ ಕಾಣುವುದೆಂಬುದು. ಇಬ್ಬರೂ ಆಳವನ್ನೇ ಅಳೆದರು.

ಬೆಳಕಿನ ಸಾಮಾನ್ಯಲಕ್ಷಣವನ್ನು ಹೇಳಿದವನು ಜೇಮ್ಸ್ ಕಜಿಯಾ. ಒಂದು ಬಿಂದುವಿನಿಂದ ಹೊರಡುವ ಬೆಳಕೆಂದರೆ, ಅದು ತಾನಾಗಿ ಸೂಸುವ ಬೆಳಕೂ, ಸುತ್ತಣ ಎಲ್ಲ ಬಿಂದುಗಳಿಂದ ಅದರ ಮೇಲೆ ಬಿದ್ದು ಹೊರಳಿದ ಬೆಳಕೂ ಕೂಡಿದುದು ಎಂಬುದು ೧೯೮೬ರಲ್ಲಿ ಅವನು ಬರೆದ ಸಮೀಕರಣದ ಅರ್ಥ. ಆದರೆ ಆ ಸುತ್ತಣ ಬಿಂದುಗಳ ಬೆಳಕೂ ಈ ಬಿಂದುವನ್ನು ಅವಲಂಬಿಸಿದೆ. ತರ್ಕಶಾಸ್ತ್ರದಲ್ಲಿ ನಾವು ದೋಷವೆಂದು ಬಿಡುವ ಅನ್ಯೋನ್ಯಾಶ್ರಯವು ಇಲ್ಲಿ ವಸ್ತುಸ್ವಭಾವವೇ ಆಗಿದೆ. ಯದೃಚ್ಛೆಯಿಂದ ಆರಿಸಿದ ಅನೇಕ ಕಿರಣಮಾರ್ಗಗಳನ್ನು ಅನುಸರಿಸಿ ಅವುಗಳ ಸರಾಸರಿಯನ್ನು ತೆಗೆಯುವುದರಿಂದ ಅದನ್ನು ಬಿಡಿಸಬಹುದೆಂದೂ ಅವನು ತೋರಿಸಿದನು. ಎಲೆ, ಚರ್ಮ ಮುಂತಾದ ಪದರಗಳುಳ್ಳ ವಸ್ತುಗಳ ಒಳಹೊಕ್ಕು ಬೆಳಕು ಚೆದರುವ ಬಗೆಯನ್ನು ಹನ್‌ರಹನ್ ಮತ್ತು ಕ್ರೂಗರ್ ಎಂಬವರು ೧೯೯೩ರಲ್ಲಿ ವಿವರಿಸಿದರು. ಹೊಗೆ, ಮಂಜು, ಎಲೆಗಳಂತಹ ಮಾಧ್ಯಮಗಳಲ್ಲಿ ಬೆಳಕಿನ ಸಂಚಾರವನ್ನು ವಿಚಾರಿಸುವ ಗಣಿತಕ್ಕೆ ಸುಬ್ರಹ್ಮಣ್ಯನ್ ಚಂದ್ರಶೇಖರರು ನಕ್ಷತ್ರಗಳ ಪ್ರಸಂಗದಲ್ಲಿ ೧೯೫೦ರಲ್ಲಿ ಬರೆದ 'ರೇಡಿಯೇಟಿವ್ ಟ್ರಾನ್ಸ್‌ಫರ್' ಎಂಬ ಗ್ರಂಥವು ಪ್ರಮಾಣಭೂತವಾದುದು. ಬಾನಿನ ಬಣ್ಣವೂ ದೂರದ ಬೆಟ್ಟಗಳು ನೀಲಿಯಾಗಿ ಮಸುಕುಗೊಳ್ಳುವುದೂ ಸೂರ್ಯನ ಸ್ಥಾನವನ್ನೂ ಗಾಳಿಯ ಕಲ್ಮಷವನ್ನೂ ಹೇಗೆ ಅನುಸರಿಸುವುವೆಂಬುದಕ್ಕೆ ಪ್ರೀತಮ್, ಶರ್ಲಿ, ಸ್ಮಿಟ್ಸ್ ಎಂಬವರು ೧೯೯೯ರಲ್ಲಿ ಸುಲಭಸೂತ್ರವೊಂದನ್ನು ಕೊಟ್ಟರು.

೭. ಎರಡು ಚರಿತ್ರೆಗಳ ಸಂಗಮ

ಇಷ್ಟಾದರೂ ಒಂದು ಕೊರತೆಯು ಉಳಿದಿತ್ತು. ಸೂತ್ರದಿಂದ ಬೆಳೆದ ಮರವು ಬಯಲಿನಲ್ಲಿ ಒಂಟಿಯಾಗಿ ನಿಂತ ಮರದಂತಿರುತ್ತಿತ್ತು. ಅಂತಹ ನೂರು ಮರಗಳನ್ನು ಒತ್ತೊತ್ತಾಗಿ ನಿಲ್ಲಿಸಿದರೆ ತೋಪಾಗುತ್ತಿತ್ತೇ ಹೊರತು ಕಾಡಾಗುತ್ತಿರಲಿಲ್ಲ. ಕಾಡಿನ ಮರವು ಕೆಳಗಿನ ಕೊಂಬೆಗಳನ್ನು ಕಳೆದುಕೊಂಡು, ಬೆಳಕಿರುವ ಕಡೆಗೆ ಓರೆಯಾಗಿ, ನೆರೆಯ ಮರಕ್ಕೆ ಅಂಜಿ ಬಾಗಿ ನಿಂತಿರುವುದು. ೧೯೯೬ರಲ್ಲಿ ರಾಡೊಮಿರ್ ಮೆಖ್ ಮತ್ತು ಪ್ರುಸಿನ್‌ಕೀವಿಚ್ ಎಂಬವರು ಆದೇಶವಿಧಿಗಳಿಗೆ ಹೊರಗಿನ ನಿಮಿತ್ತವನ್ನೂ ಸೇರಿಸಿದರು. ಪ್ರತಿಯೊಂದು ಚಿಗುರೂ ತನ್ನೆಡೆಗೆ ಎಷ್ಟು ಬೆಳಕು ಬರುತ್ತಿದೆಯೆಂದು ಪರಿಸರವನ್ನು ಕೇಳುವುದು. ಉತ್ತರವನ್ನನುಸರಿಸಿ ಬೆಳೆಯುವುದು, ಇಲ್ಲವೆ ಒಣಗುವುದು. ಬೆಳೆದರೆ ತಾನೇ ಇನ್ನೊಂದಕ್ಕೆ ನೆರಳಾಗುವುದು.

ಇಲ್ಲಿಗೆ ರೇಖಾವರ್ತನೆಗಳ ಭೇದವೇ ಸಡಿಲಗೊಂಡಿತು. ಬೆಳಕನ್ನು ಆಕಾರವು ಸಿದ್ಧವಾದ ಮೇಲೆ ಹಚ್ಚುವ ವರ್ತನೆಯೆಂದು ಭಾವಿಸಿದ್ದರು. ಈಗ ಅದು ಆಕಾರಕ್ಕೇ ಕಾರಣವಾಯಿತು. ಮರವನ್ನು ನಮಗೆ ತೋರಿಸುವ ಬೆಳಕೇ ಮರವನ್ನು ಮಾಡಿದ ಬೆಳಕು. ನಿಸರ್ಗದಲ್ಲಿ ಇದು ಎಂದಿನಿಂದಲೂ ಹೀಗೆಯೇ ಇದ್ದಿತು. ಚಿತ್ರಕಾರರು ಅದನ್ನು ತಿಳಿಯುವುದಕ್ಕೆ ಎರಡು ದಾರಿಗಳಲ್ಲಿ ಇಷ್ಟು ದೂರ ನಡೆಯಬೇಕಾಯಿತು.

೧೯೯೮ರಲ್ಲಿ ಡೊಯ್ಸನ್, ಹನ್‌ರಹನ್, ಮೆಖ್, ಪ್ರುಸಿನ್‌ಕೀವಿಚ್ ಮೊದಲಾದ ಆರು ಮಂದಿ ಕೂಡಿ ಬರೆದ ಲೇಖನದಲ್ಲಿ ನೆಲ, ಸಸ್ಯಗಳ ಹಂಚಿಕೆ, ಒಂದೊಂದು ಗಿಡದ ಬೆಳವಣಿಗೆ, ಬೆಳಕು ಎಂಬ ನಾಲ್ಕೂ ಒಂದೇ ವ್ಯವಸ್ಥೆಯಲ್ಲಿ ಸೇರಿದುವು. ಅಸಂಖ್ಯ ಗಿಡಗಳನ್ನು ಯಂತ್ರದ ನೆನಪಿನಲ್ಲಿಡಲಾಗದಾದುದರಿಂದ, ಒಂದನ್ನೊಂದು ಹೋಲುವ ಗಿಡಗಳ ಗುಂಪಿಗೆ ಒಂದೇ ಪ್ರತಿನಿಧಿಯನ್ನು ನಿರ್ಮಿಸಿ ಅದನ್ನೇ ಅನೇಕ ಸ್ಥಳಗಳಲ್ಲಿ ನಿಲ್ಲಿಸಿದರು. ಶಬ್ದದ ಅರ್ಥವು ಆಕೃತಿಯೋ ದ್ರವ್ಯವೋ ಎಂದು ಮಹಾಭಾಷ್ಯದಲ್ಲಿ ನಡೆದ ಚರ್ಚೆಯನ್ನು ಪಾಠಹೇಳುವವರಿಗೆ ಇದೊಂದು ನೂತನವಾದ ಉದಾಹರಣೆ: ಯಂತ್ರವು ಇಟ್ಟುಕೊಂಡಿರುವುದು ಆಕೃತಿ, ನಾವು ಕಾಣುವುದು ವ್ಯಕ್ತಿಗಳು. ಆಮೇಲಿನ ಬೆಳವಣಿಗೆಗಳನ್ನು ವಿಸ್ತರಿಸಬೇಕಾದುದಿಲ್ಲ. ಮೊಗ್ಗುಗಳು ಬೆಳಕಿಗಾಗಿಯೂ ಎಡೆಗಾಗಿಯೂ ಸ್ಪರ್ಧಿಸುವ ಮಾದರಿಗಳು ೨೦೦೯ರಲ್ಲಿ ಮತ್ತಷ್ಟು ಪರಿಷ್ಕೃತವಾದುವು. ಹಿಂದೆ ಗಂಟೆಗಟ್ಟಲೆ ಹಿಡಿಯುತ್ತಿದ್ದ ಕಿರಣಗಣನೆಯು ೨೦೧೮ರಿಂದ ಮನೆಯ ಯಂತ್ರಗಳಲ್ಲಿಯೂ ಕ್ಷಣಾರ್ಧದಲ್ಲಿ ನಡೆಯತೊಡಗಿತು.

೮. ಉಪಸಂಹಾರ

ಇತ್ತೀಚೆಗೆ, ವಿಶೇಷವಾಗಿ ೨೦೨೨ರಿಂದ, ಬೇರೊಂದು ಬಗೆಯ ಯಂತ್ರಗಳು ಜನಸಾಮಾನ್ಯರ ಕೈಗೆ ಬಂದಿರುವುವು. 'ಮಳೆಗಾಲದ ಕಾಡು' ಎಂದು ಹೇಳಿದರೆ ಸಾಕು, ಮೊದಲೇ ನೋಡಿದ ಅಸಂಖ್ಯ ಚಿತ್ರಗಳ ಸಂಸ್ಕಾರದಿಂದ ಕಾಡಿನ ಚಿತ್ರವನ್ನು ಕೊಡುವುವು. ಅಲ್ಲಿ ಬೆಳವಣಿಗೆಯ ವಿಧಿಯನ್ನಾಗಲಿ ಬೆಳಕಿನ ಸಮೀಕರಣವನ್ನಾಗಲಿ ಯಾರೂ ಬರೆದಿಟ್ಟಿಲ್ಲ. ಶಂಕುಕನು ಚಿತ್ರತುರಗನ್ಯಾಯದಿಂದ ಹೇಳಿದಂತೆ, ಚಿತ್ರದ ಕುದುರೆಯನ್ನು ಕಂಡು ಕುದುರೆಯೆನ್ನುವ ಪ್ರತೀತಿಯು ಸತ್ಯ, ಮಿಥ್ಯೆ, ಸಂಶಯ, ಸಾದೃಶ್ಯಗಳಲ್ಲಿ ಯಾವುದೂ ಅಲ್ಲದ ಒಂದು ಪ್ರತೀತಿ. ಪ್ರೇಕ್ಷಕನಿಗೆ ಅಷ್ಟೇ ಸಾಕಾಗಬಹುದು. ಶಾಸ್ತ್ರಕ್ಕೆ ಅಷ್ಟು ಸಾಲದು. ಸರಿಯಾದ ಪ್ರಯೋಗವನ್ನು ಕಿವಿಯ ರೂಢಿಯಿಂದ ಮಾಡುವವನಿಗೂ ಅದು ಏಕೆ ಸರಿಯೆಂದು ಹೇಳಬಲ್ಲವನಿಗೂ ಇರುವ ಅಂತರವನ್ನು ನಾವು ತರಗತಿಗಳಲ್ಲಿ ದಿನವೂ ಕಾಣುತ್ತೇವೆ. ಕೆಳಗಿನ ಕೊಂಬೆಯು ಏಕೆ ಒಣಗಿತೆಂದು ಮೆಖ್ ಮತ್ತು ಪ್ರುಸಿನ್‌ಕೀವಿಚರ ಮರವನ್ನು ಕೇಳಿದರೆ, ಬೆಳಕು ಸಾಲದಾಯಿತೆಂಬ ಉತ್ತರವು ಅದರ ವಿಧಿಯಲ್ಲಿಯೇ ಇದೆ.

ಆ ತರುಣನಿಗೆ ಈಗ ನಾನು ಕೊಡಬಲ್ಲ ಉತ್ತರವೂ ಇದೇ. ಯಾವ ಸೂತ್ರದಲ್ಲಿಯೂ ಇದು ಇಲ್ಲ. ಆದರೆ ಲಕ್ಷ್ಯವು ಕಣ್ಣಿಗೆ ಬಿದ್ದೊಡನೆ ತೃಪ್ತರಾಗದೆ ಅದರ ಲಕ್ಷಣವೇನೆಂದು ಕೇಳುವ ಅಭ್ಯಾಸವನ್ನು ಸೂತ್ರಗಳು ನಮಗೆ ಕಲಿಸಿರುವುವು. ಅದೇ ಅಭ್ಯಾಸವು ಬೇರೊಂದು ದೇಶದಲ್ಲಿ, ಬೇರೊಂದು ನಿಮಿತ್ತದಿಂದ, ಪಾಚಿಯ ಎಳೆಯೊಂದನ್ನು ನೋಡುತ್ತ ಕುಳಿತವನಲ್ಲಿಯೂ ಇದ್ದಿತು. ವ್ಯಾಕರಣದ ಅಧ್ಯಾಪಕರು ಆದೇಶಸಂಧಿಯನ್ನು ಪಾಠಹೇಳುವಾಗ ಒಂದು ದಿನ ಹಲಗೆಯ ಮೇಲೆ ಮೇಲಣ ಎರಡು ವಿಧಿಗಳನ್ನು ಬರೆದು, ವಿದ್ಯಾರ್ಥಿಗಳ ಕೈಯಿಂದಲೇ ಐದಾರು ಅವಸ್ಥೆಗಳನ್ನು ಬರೆಯಿಸಿ ನೋಡಬಹುದು. ವ್ಯಾಕರಣವು ಒಣವಿದ್ಯೆಯೆಂಬ ದೂರನ್ನು ಹಸುರಾದ ಉದಾಹರಣೆಯಿಂದ ಪರಿಹರಿಸಿದಂತಾಗುವುದು.